ಆರ್ಕ್ಟಿಕ್ ತಂಪು ಮಾಡುವ ದಾರಿಗಳು: ಚರ್ಚೆಗೆ ನಿಲ್ಲುವವರು ಯಾವುದನ್ನು ಹಿಡಿಯಬೇಕು?

ಚಿತ್ರದುರ್ಗ, ದಾವಣಗೆರೆ ಕಡೆಯ ಕಾಲೇಜುಗಳ ಚರ್ಚಾ ಸ್ಪರ್ಧೆಯಲ್ಲಿ ಹವಾಮಾನದ ವಿಷಯ ಬಂತೆಂದರೆ ಪರ, ವಿರೋಧ ಎರಡೂ ಕಡೆಯವರು ಒಂದೇ ಭಾಷಣ ಮಾಡುತ್ತಾರೆ. ಗಿಡ ನೆಡಿ, ಪ್ಲಾಸ್ಟಿಕ್ ಬಿಡಿ, ಭೂಮಿತಾಯಿ ಉಳಿಸಿ. ಚಪ್ಪಾಳೆ ಬೀಳುತ್ತದೆ, ವಿಷಯ ಇದ್ದಲ್ಲೇ ಇರುತ್ತದೆ. ಈ ಸಲ ನಮ್ಮ ಹುಡುಗರಿಗೆ ಸಿಕ್ಕಿರುವ ವಿಷಯಕ್ಕೆ ಆ ಭಾಷಣ ನಡೆಯುವುದಿಲ್ಲ. ಉತ್ತರ ಧ್ರುವದ ಸುತ್ತಲಿನ, ಕರಗುತ್ತಿರುವ ಆರ್ಕ್ಟಿಕ್ ಪ್ರದೇಶವನ್ನು ಮನುಷ್ಯ ಕೈಹಾಕಿ ತಂಪು ಮಾಡಬಹುದೇ? ಮಾಡುವುದಾದರೆ ಯಾವ ವಿಧಾನ? ಇಂಥ ಕೆಲಸಕ್ಕೆ ಜಿಯೋ ಎಂಜಿನಿಯರಿಂಗ್ ಅಂತ ಹೆಸರು. ಯಾವ ವಿಧಾನ ಹಿಡಿದರೆ ವೇದಿಕೆ ಮೇಲೆ ನಿಲ್ಲಬಹುದು, ಯಾವುದು ಮೊದಲ ಪ್ರಶ್ನೆಗೇ ಮುರಿದು ಬೀಳುತ್ತದೆ ಅಂತ ತರಬೇತಿಗೆ ಮಾಡಿಕೊಂಡ ಟಿಪ್ಪಣಿಯನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ. ಸ್ಪರ್ಧೆಗೆ ಹೋಗದವರೂ ಓದಬಹುದು.

ಮೊದಲು ಅಲ್ಲಿ ಆಗುತ್ತಿರುವುದೇನು ನೋಡೋಣ. 1979ರಿಂದ ಈಚೆಗೆ ಆರ್ಕ್ಟಿಕ್ ಪ್ರದೇಶ ಜಗತ್ತಿನ ಸರಾಸರಿಗಿಂತ ಹತ್ತಿರ ಹತ್ತಿರ ನಾಲ್ಕು ಪಟ್ಟು ವೇಗದಲ್ಲಿ ಬಿಸಿಯಾಗಿದೆ ಎಂದು ಫಿನ್ಲೆಂಡಿನ ಹವಾಮಾನ ವಿಜ್ಞಾನಿಗಳು 2022ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಇದಕ್ಕೆ ಒಂದು ದೊಡ್ಡ ಕಾರಣ ಬಣ್ಣ. ಹಿಮ ಮುಚ್ಚಿದ ಐಸ್ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಶೇ. 80ಕ್ಕೂ ಹೆಚ್ಚು ಭಾಗವನ್ನು ವಾಪಸ್ ಕಳಿಸುತ್ತದೆ. ಐಸ್ ಹೋಗಿ ಕೆಳಗಿನ ಕಪ್ಪಗಿನ ನೀರು ಕಂಡಿತೋ, ಅದು ಶೇ. 90ಕ್ಕೂ ಹೆಚ್ಚು ಭಾಗವನ್ನು ಹೀರಿಕೊಳ್ಳುತ್ತದೆ. ನೀರು ಬಿಸಿಯಾಗುತ್ತದೆ, ಇನ್ನಷ್ಟು ಐಸ್ ಕರಗುತ್ತದೆ. 2012ರ ಸೆಪ್ಟೆಂಬರ್‌ನಲ್ಲಿ ಸಮುದ್ರದ ಐಸ್ ಸುಮಾರು 34 ಲಕ್ಷ ಚದರ ಕಿಲೋಮೀಟರಿಗೆ ಕುಗ್ಗಿತ್ತು. ಉಪಗ್ರಹದ ಲೆಕ್ಕ ಶುರುವಾದ ಮೇಲೆ ಅದೇ ಅತಿ ಕಡಿಮೆ. ನೆಲದ ಮೇಲೂ ಸಮಸ್ಯೆ ಇದೆ. ಅಲ್ಲಿ ಸಾವಿರಾರು ವರ್ಷಗಳಿಂದ ಹೆಪ್ಪುಗಟ್ಟಿರುವ ಮಣ್ಣಿನಲ್ಲಿ ವಾತಾವರಣದಲ್ಲಿ ಇರುವುದರ ಸುಮಾರು ಎರಡರಷ್ಟು ಇಂಗಾಲ ಕೂತಿದೆ. ಮಣ್ಣು ಕರಗಿದರೆ ಅದು ಇಂಗಾಲದ ಡೈಆಕ್ಸೈಡ್ ಆಗಿ, ಮೀಥೇನ್ ಆಗಿ ಮೇಲೇಳುತ್ತದೆ.

ಇಷ್ಟು ಹೇಳಿದ ಮೇಲೆ ಚಳ್ಳಕೆರೆ ಕಡೆಯ ಹುಡುಗನೊಬ್ಬ ಕೇಳಿದ: "ಸರ್, ಅಲ್ಲಿ ಐಸ್ ಉಳಿಸಿದ್ರೆ ನಮ್ಮ ಶೇಂಗಾಕ್ಕೆ ಏನಾಗುತ್ತೆ?" ಕೆಲವರು ನಕ್ಕರು. ಆದರೆ ಇಡೀ ಚರ್ಚೆಯ ಕೀಲಿ ಆ ಪ್ರಶ್ನೆಯಲ್ಲೇ ಇದೆ. ವಿಧಾನಗಳನ್ನು ಅಳೆಯುವಾಗ ಅದು ಕೆಲಸ ಮಾಡುತ್ತದಾ, ಬೇಡ ಅನಿಸಿದರೆ ನಿಲ್ಲಿಸಬಹುದಾ, ದುಡ್ಡೆಷ್ಟು ಅಂತ ಎಲ್ಲರೂ ಕೇಳುತ್ತಾರೆ. ನಾವು ಕೇಳಬೇಕಾದ ಇನ್ನೊಂದು ಇದೆ. ನಮ್ಮ ಮಳೆಗೆ ಇದು ಏನು ಮಾಡುತ್ತದೆ?

ಗಂಧಕದ ಪರದೆ

ಎಲ್ಲಕ್ಕಿಂತ ಹೆಚ್ಚು ಸುದ್ದಿಯಲ್ಲಿರುವುದು ಇದು. ವಾಯುಮಂಡಲದ ಮೇಲಿನ ಪದರಕ್ಕೆ, ಅಂದರೆ ಸ್ಟ್ರಾಟೋಸ್ಫಿಯರ್‌ಗೆ, ವಿಮಾನದಲ್ಲಿ ಗಂಧಕದ ಡೈಆಕ್ಸೈಡ್ ಒಯ್ದು ಬಿಡುವುದು. ಅದು ಅಲ್ಲಿ ಸಣ್ಣ ಹನಿಗಳಾಗಿ ಬಿಸಿಲಿನ ಒಂದು ಪಾಲನ್ನು ಆಕಾಶಕ್ಕೇ ತಿರುಗಿಸುತ್ತದೆ. ಇದು ಕೆಲಸ ಮಾಡುತ್ತದೆ ಎನ್ನಲು ಪ್ರಯೋಗಾಲಯ ಬೇಕಿಲ್ಲ. 1991ರ ಜೂನ್‌ನಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಸಿಡಿದು 1.5ರಿಂದ 2 ಕೋಟಿ ಟನ್‌ನಷ್ಟು ಗಂಧಕದ ಡೈಆಕ್ಸೈಡನ್ನು ಮೇಲಕ್ಕೆ ಎಸೆಯಿತು. ಮುಂದಿನ ವರ್ಷ ಇಡೀ ಭೂಮಿಯ ಸರಾಸರಿ ಉಷ್ಣಾಂಶ ಸುಮಾರು ಅರ್ಧ ಡಿಗ್ರಿ ಇಳಿಯಿತು.

ಧ್ರುವಗಳ ಹತ್ತಿರ ಇದಕ್ಕೆ ಇನ್ನೊಂದು ಅನುಕೂಲ. ಸಮಭಾಜಕದ ಮೇಲೆ ಸ್ಟ್ರಾಟೋಸ್ಫಿಯರ್ ಮುಟ್ಟಲು 16-17 ಕಿಲೋಮೀಟರ್ ಏರಬೇಕು. ಧ್ರುವದ ಕಡೆ ಅದು 8-9 ಕಿಲೋಮೀಟರಿಗೇ ಶುರು. ಹಾಗಾಗಿ ತೀರಾ ವಿಶೇಷ ವಿಮಾನ ಬೇಡ. 2022ರಲ್ಲಿ ಬಂದ ಒಂದು ಲೆಕ್ಕದ ಪ್ರಕಾರ ಎರಡೂ ಧ್ರುವಗಳ ಕಡೆ 60 ಡಿಗ್ರಿ ಅಕ್ಷಾಂಶದ ಹತ್ತಿರ 13 ಕಿಲೋಮೀಟರ್ ಎತ್ತರದಲ್ಲಿ ಸುಮಾರು 125 ವಿಮಾನ ಹಾರಿಸಿ, ವರ್ಷಕ್ಕೆ 11 ಬಿಲಿಯನ್ ಡಾಲರ್ ಖರ್ಚು ಮಾಡಿದರೆ ಧ್ರುವ ಪ್ರದೇಶಗಳನ್ನು 2 ಡಿಗ್ರಿ ತಂಪು ಮಾಡಬಹುದು. ನಮ್ಮ ರೂಪಾಯಿಯಲ್ಲಿ 90 ಸಾವಿರ ಕೋಟಿಗೂ ಜಾಸ್ತಿ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ ಕೇಂದ್ರ 2023ರ ಬಜೆಟ್‌ನಲ್ಲಿ ಘೋಷಿಸಿದ್ದು 5,300 ಕೋಟಿ. ಅದರ ಪಕ್ಕದಲ್ಲಿಟ್ಟರೆ ದೊಡ್ಡ ಮೊತ್ತ. ಆದರೆ ಶ್ರೀಮಂತ ದೇಶವೊಂದು ಮನಸ್ಸು ಮಾಡಿದರೆ ಯಾರನ್ನೂ ಕೇಳದೆ ಹೊಂದಿಸಬಹುದಾದ ದುಡ್ಡು. ನನಗೆ ಹೆದರಿಕೆ ಹುಟ್ಟಿಸುವುದೇ ಈ ಅಗ್ಗ.

ಈಗ ಮಳೆಗೆ ಬನ್ನಿ. ಭೂಮಿಯ ನಡುವೆ ಒಂದು ಮಳೆಪಟ್ಟಿ ಇದೆ. ಉತ್ತರ ಮತ್ತು ದಕ್ಷಿಣ ಗೋಳಾರ್ಧಗಳಲ್ಲಿ ಯಾವುದು ಜಾಸ್ತಿ ಬಿಸಿಯೋ ಪಟ್ಟಿ ಆ ಕಡೆಗೆ ವಾಲುತ್ತದೆ. ನಮ್ಮ ಮುಂಗಾರು ಆ ಪಟ್ಟಿ ಉತ್ತರಕ್ಕೆ ಬರುವುದನ್ನೇ ನೆಚ್ಚಿಕೊಂಡಿದೆ. ಉತ್ತರ ಧ್ರುವವನ್ನು ಮಾತ್ರ ತಂಪು ಮಾಡಿದರೆ? ಪಟ್ಟಿ ದಕ್ಷಿಣಕ್ಕೆ ಜಾರುತ್ತದೆ.

ಇದನ್ನು ಲೆಕ್ಕ ಹಾಕಿ ನೋಡಿದವರು ನಮ್ಮ ಬೆಂಗಳೂರಿನವರೇ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಗೋವಿಂದಸ್ವಾಮಿ ಬಾಲಾ ಅವರು ಈ ವಿಷಯದಲ್ಲಿ 2000ನೇ ಇಸವಿಯಿಂದಲೇ ಕೆಲಸ ಮಾಡಿದವರು. ಅದೇ ಸಂಸ್ಥೆಯ ಇನ್ನೊಂದು ಕ್ಯಾಂಪಸ್ ಚಳ್ಳಕೆರೆಯ ಕುದಾಪುರದಲ್ಲಿದೆ, ಗೊತ್ತಲ್ಲ. ಅವರ ತಂಡ 2018ರಲ್ಲಿ ಪ್ರಕಟಿಸಿದ ಕಂಪ್ಯೂಟರ್ ಮಾದರಿಯಲ್ಲಿ, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎರಡರಷ್ಟಾದಾಗ ಆರ್ಕ್ಟಿಕ್ ಮೇಲೆ ಮಾತ್ರ ಗಂಧಕದ ಕಣ ಹಾಕಿದರು. ಆರ್ಕ್ಟಿಕ್ ತಂಪಾಯಿತು. ಮಳೆಪಟ್ಟಿ ಅಕ್ಷಾಂಶದ ಲೆಕ್ಕದಲ್ಲಿ ಸುಮಾರು 1.5 ಡಿಗ್ರಿ ದಕ್ಷಿಣಕ್ಕೆ ಸರಿಯಿತು. ಉತ್ತರ ಗೋಳಾರ್ಧದ ಮುಂಗಾರು ಪ್ರದೇಶಗಳಲ್ಲಿ ವರ್ಷದ ಮಳೆ ಶೇ. 12ರವರೆಗೆ ಕಡಿಮೆಯಾಯಿತು. ದಕ್ಷಿಣ ಗೋಳಾರ್ಧದವರಿಗೆ ಮಳೆ ಜಾಸ್ತಿ.

ಶೇ. 12 ಎಂದರೆ ಅಷ್ಟೇನಾ ಅನಿಸಬಹುದು. ಶೇಂಗಾ ಹೊಲಕ್ಕೆ ಹೋಗಿ ನೋಡಿದರೆ ಗೊತ್ತಾಗುತ್ತದೆ. ಹೂ ಬಿದ್ದ ಮೇಲೆ ಅದರಿಂದ ಇಳಿದ ಎಳೆ ಮಣ್ಣಿಗೆ ಚುಚ್ಚಿಕೊಳ್ಳಬೇಕು. ಆಗ ನೆಲ ಮೆತ್ತಗಿರಬೇಕು. ಆ ಹೊತ್ತಿಗೆ ಮಳೆ ಎರಡು ವಾರ ಕೈಕೊಟ್ಟರೆ ನೆಲ ಗಟ್ಟಿಯಾಗಿ ಎಳೆ ಒಳಗೆ ಇಳಿಯುವುದಿಲ್ಲ. ಮೇಲೆ ಗಿಡ ಹಸಿರಾಗಿಯೇ ಇರುತ್ತದೆ, ದಾರಿಯಲ್ಲಿ ಹೋಗುವವರು ಬೆಳೆ ಚೆನ್ನಾಗಿದೆ ಅನ್ನುತ್ತಾರೆ. ಕಿತ್ತು ನೋಡಿದರೆ ಕಾಯಿ ಇರುವುದಿಲ್ಲ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ ಒಂದು. ಇಲ್ಲಿ ಕಳೆದುಕೊಳ್ಳಲು ಹೆಚ್ಚುವರಿ ಮಳೆ ಅಂತ ಏನೂ ಇಲ್ಲ.

ಬರೀ ಕಂಪ್ಯೂಟರ್ ಮಾತು ಎಂದು ಎದುರಾಳಿ ಹೇಳಿದರೆ ಇತಿಹಾಸ ತೆಗೆಯಿರಿ. 1783ರಲ್ಲಿ ಐಸ್‌ಲ್ಯಾಂಡಿನ ಲಾಕಿ ಜ್ವಾಲಾಮುಖಿ ಎಂಟು ತಿಂಗಳು ಉರಿದು ಸುಮಾರು 12 ಕೋಟಿ ಟನ್ ಗಂಧಕದ ಡೈಆಕ್ಸೈಡ್ ಕಕ್ಕಿತು. ಅದೂ ಉತ್ತರದ ತುದಿಯಲ್ಲೇ. ಆ ವರ್ಷ ನೈಲ್ ನದಿಗೆ ಎಂದಿನ ನೆರೆ ಬರಲಿಲ್ಲ, ಈಜಿಪ್ಟ್‌ನಲ್ಲಿ ಕ್ಷಾಮ ಬಿತ್ತು. ಆಫ್ರಿಕಾದ ಮುಂಗಾರೂ ಭಾರತದ ಮುಂಗಾರೂ ದುರ್ಬಲವಾಗಲು ಲಾಕಿ ಕಾರಣ ಎಂದು ಮುಂದೆ ವಿಜ್ಞಾನಿಗಳು ಮಾದರಿಯಲ್ಲಿ ತೋರಿಸಿದರು. ಆಫ್ರಿಕಾದಲ್ಲಿ ಸಹಾರಾ ಮರುಭೂಮಿಗೆ ತಾಗಿದ ಸಾಹೆಲ್‌ನಲ್ಲಿ ತೀವ್ರ ಬರ ಬಿದ್ದ ವರ್ಷಗಳ ಹಿಂದೆಯೂ ಉತ್ತರ ಗೋಳಾರ್ಧದ ಜ್ವಾಲಾಮುಖಿ ಸ್ಫೋಟಗಳಿವೆ: 1912ರಲ್ಲಿ ಅಲಾಸ್ಕಾದ ಕಟ್ಮಾಯ್, 1982ರಲ್ಲಿ ಮೆಕ್ಸಿಕೋದ ಎಲ್ ಚಿಚೊನ್.

ಇದರ ಪರ ನಿಂತವರಿಗೂ ಒಂದು ಒಳ್ಳೆಯ ಉತ್ತರ ಇದೆ. ಅದನ್ನು ಮುಚ್ಚಿಡಬೇಡಿ. ಅದೇ 2018ರ ಕೆಲಸದಲ್ಲಿ ಎರಡೂ ಧ್ರುವಗಳ ಮೇಲೆ ಕಣ ಹಾಕಿದಾಗ ಮಳೆಪಟ್ಟಿ ಹೆಚ್ಚೂಕಡಿಮೆ ತನ್ನ ಜಾಗಕ್ಕೆ ಬಂತು. ಹಾಗಾದರೆ ಎರಡೂ ಕಡೆ ಹಾಕಲಿ ಬಿಡಿ ಅನ್ನಬಹುದು. ಆದರೆ ದಕ್ಷಿಣದ ವಿಮಾನಗಳಿಗೆ ಒಂದು ವರ್ಷ ದುಡ್ಡು ಬರಲಿಲ್ಲ ಅನ್ನಿ, ಅಥವಾ ಯುದ್ಧ ಬಂತು ಅನ್ನಿ. ಉತ್ತರದವರು ಮಾತ್ರ ಮುಂದುವರಿಸಿದರೆ ಪೆಟ್ಟು ಬೀಳುವುದು ನಮಗೆ. ಅವರೂ ಒಟ್ಟಿಗೆ ನಿಲ್ಲಿಸಿದರೆ ಇನ್ನೊಂದು ಕಷ್ಟ. ಗಂಧಕದ ಕಣ ಒಂದೆರಡು ವರ್ಷದಲ್ಲಿ ಕೆಳಗಿಳಿಯುತ್ತದೆ, ಧ್ರುವದ ಕಡೆ ಇನ್ನೂ ಬೇಗ. ಇಂಗಾಲದ ಡೈಆಕ್ಸೈಡ್ ಮಾತ್ರ ಹಾಗೇ ಇರುತ್ತದೆ. ತಡೆದಿಟ್ಟ ಬಿಸಿಯೆಲ್ಲ ಕೆಲವೇ ವರ್ಷಗಳಲ್ಲಿ ಒಮ್ಮೆಲೇ ಬಂದು ಎರಗುತ್ತದೆ. ಒಮ್ಮೆ ಶುರು ಮಾಡಿದರೆ ಮೊಮ್ಮಕ್ಕಳ ಕಾಲದವರೆಗೂ ನಿಲ್ಲಿಸುವಂತಿಲ್ಲ.

ಐಸ್ ಮೇಲೆ ನೀರು ಹಾಯಿಸುವುದು

ಹುಡುಗರಿಗೆ ತುಂಬಾ ಇಷ್ಟವಾದದ್ದು ಇದು. ಬೋರ್‌ವೆಲ್ ಊರಿನವರಲ್ಲವೇ, ಪಂಪು ಅಂದರೆ ತಕ್ಷಣ ಅರ್ಥವಾಗುತ್ತದೆ.

ಚಳಿಗಾಲದಲ್ಲಿ ಸಮುದ್ರದ ಐಸ್ ಕೆಳಗಿನಿಂದ ದಪ್ಪವಾಗುತ್ತದೆ. ಕೆಳಗಿನ ನೀರಿನ ಬಿಸಿ ಐಸ್ ದಾಟಿ, ಅದರ ಮೇಲಿನ ಹಿಮ ದಾಟಿ ಗಾಳಿಗೆ ಹೋದಷ್ಟೂ ಹೊಸ ಐಸ್ ಕಟ್ಟುತ್ತದೆ. ಆದರೆ ಮೇಲೆ ಬಿದ್ದ ಹಿಮ ನಮ್ಮ ಚಳ್ಳಕೆರೆ ಕಂಬಳಿಯ ಕೆಲಸ ಮಾಡುತ್ತದೆ. ಒಳಗಿನ ಬಿಸಿ ಹೊರಗೆ ಹೋಗಲು ಬಿಡುವುದಿಲ್ಲ. ಅದಕ್ಕೇ ಐಸ್‌ಗೆ ತೂತು ಕೊರೆದು, ಪಂಪು ಇಳಿಸಿ, ಸಮುದ್ರದ ನೀರನ್ನು ಮೇಲೆ ಹಾಯಿಸುತ್ತಾರೆ. ನೀರು ಹರಡಿಕೊಂಡು ಹಿಮವನ್ನು ನೆನೆಸುತ್ತದೆ. ಹಿಮ ಕೆಸರಿನಂತಾಗುತ್ತದೆ. ಮೈನಸ್ 30 ಡಿಗ್ರಿ ಗಾಳಿಗೆ ಸ್ವಲ್ಪ ಹೊತ್ತಿನಲ್ಲೇ ಗಟ್ಟಿ ಐಸ್. ಇದರಿಂದ ಎರಡು ಲಾಭ. ಮೇಲೆ ಒಂದು ಪದರ ಸೇರಿತು. ಹಿಮದ ತಡೆ ಹೋದದ್ದರಿಂದ ಕೆಳಗಡೆಯೂ ಐಸ್ ಬೇಗ ಕಟ್ಟತೊಡಗಿತು.

ಕೆನಡಾದ ಆರ್ಕ್ಟಿಕ್ ಸೀಮೆಯ ಕೇಂಬ್ರಿಡ್ಜ್ ಬೇ ಎಂಬ ಊರಿನ ಹತ್ತಿರ ರಿಯಲ್ ಐಸ್ ಎಂಬ ಬ್ರಿಟನ್ನಿನ ಕಂಪನಿ ಇದನ್ನು ಸಣ್ಣ ಪ್ರಮಾಣದಲ್ಲಿ ಮಾಡಿ ನೋಡುತ್ತಿದೆ. ಬ್ರಿಟನ್ ಸರ್ಕಾರದ ಅರಿಯಾ ಎಂಬ ಸಂಸ್ಥೆ 2025ರ ಮೇ ತಿಂಗಳಲ್ಲಿ ಜಿಯೋ ಎಂಜಿನಿಯರಿಂಗ್ ಸಂಶೋಧನೆಗೆ ಸುಮಾರು 57 ಮಿಲಿಯನ್ ಪೌಂಡ್ ಘೋಷಿಸಿದಾಗ ಐಸ್ ದಪ್ಪ ಮಾಡುವ ಕೆಲಸಕ್ಕೂ ಪಾಲು ಸಿಕ್ಕಿತು.

ಅಡ್ಡಿ ಇರುವುದು ಗಾತ್ರದಲ್ಲಿ. ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸ್ಟೀವನ್ ಡೆಶ್ ಮತ್ತು ಜೊತೆಗಾರರು ಹಾಕಿದ ಲೆಕ್ಕ ಹೀಗಿದೆ: ಆರ್ಕ್ಟಿಕ್ ಸಮುದ್ರದ ಹತ್ತರಲ್ಲಿ ಒಂದು ಭಾಗದಲ್ಲಿ ಒಂದು ಚಳಿಗಾಲಕ್ಕೆ ಒಂದು ಮೀಟರ್ ಐಸ್ ಸೇರಿಸಲು ಗಾಳಿಯಿಂದ ಓಡುವ ಒಂದು ಕೋಟಿ ಪಂಪು ಬೇಕು. ಖರ್ಚು ಹತ್ತು ವರ್ಷಕ್ಕೆ 500 ಬಿಲಿಯನ್ ಡಾಲರ್. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ದಿನಾ ನೋಡುವವರು ಯೋಚಿಸಿ. ಇಲ್ಲಿ ರಸ್ತೆ ಇದೆ, ಕ್ರೇನ್ ಬರುತ್ತದೆ, ಆದರೂ ಕೆಟ್ಟು ನಿಂತದ್ದು ರಿಪೇರಿ ಆಗಲು ದಿನ ಹಿಡಿಯುತ್ತದೆ. ಅಲ್ಲಿ ಯಂತ್ರದ ಕೆಳಗಿನ ನೆಲವೇ ತೇಲಿಕೊಂಡು ಹೋಗುತ್ತದೆ. ಜೊತೆಗೆ ಮೇಲೆ ಹಾಕಿದ್ದು ಉಪ್ಪು ನೀರು. ಉಪ್ಪಿನ ಐಸ್ ಬೇಗ ಕರಗುತ್ತದೆ ಎಂಬ ಅನುಮಾನ ಇದೆ.

ಆದರೂ ಇದರ ದೊಡ್ಡ ಗುಣ ಒಂದಿದೆ. ಪಂಪು ಆಫ್ ಮಾಡಿದರೆ ಮುಗಿಯಿತು. ಸ್ಥಳೀಯವಾಗಿ ಒಂದು ಕೊಲ್ಲಿಯನ್ನೋ, ಹಿಮಕರಡಿ ಬದುಕುವ ಜಾಗವನ್ನೋ, ಅಲ್ಲಿನ ಇನ್ಯುಯಿಟ್ ಜನ ಓಡಾಡುವ ಐಸ್ ದಾರಿಯನ್ನೋ ಉಳಿಸಲು ಇದು ಉಪಯೋಗಕ್ಕೆ ಬಂದೀತು. ಇಡೀ ಆರ್ಕ್ಟಿಕ್ ಉಳಿಸುತ್ತದೆ ಎಂದು ಮಾತ್ರ ವೇದಿಕೆ ಮೇಲೆ ಹೇಳಬೇಡಿ, ಒಂದು ಕೋಟಿ ಪಂಪಿನ ಲೆಕ್ಕ ನಿಮ್ಮ ಕುತ್ತಿಗೆಗೇ ಬರುತ್ತದೆ.

ಮೋಡ ಬೆಳ್ಳಗೆ ಮಾಡುವುದು

ಇದನ್ನು ಹೇಳುವಾಗ ನಮ್ಮವರಿಗೆ ಕೂಡಲೇ ಮೋಡ ಬಿತ್ತನೆ ನೆನಪಾಗುತ್ತದೆ. 2017ರಲ್ಲಿ ನಮ್ಮ ರಾಜ್ಯ ಸರ್ಕಾರ ವರ್ಷಧಾರೆ ಎಂದು ಮಾಡಿತ್ತಲ್ಲ, ಅದು. ಎರಡೂ ಬೇರೆ. ಮೋಡ ಬಿತ್ತನೆಯಲ್ಲಿ ಮಳೆ ಬೀಳಿಸಬೇಕು. ಇಲ್ಲಿ ಮಳೆ ಬೀಳದೆ ಮೋಡ ಹಾಗೇ ಉಳಿದು ಬಿಸಿಲು ತಡೆಯಬೇಕು. ಹಡಗಿನಿಂದ ಸಮುದ್ರದ ನೀರನ್ನು ಅತಿ ಸಣ್ಣ ಹನಿಯಾಗಿ ಸಿಂಪಡಿಸುತ್ತಾರೆ. ಉಪ್ಪಿನ ಕಣ ಮೇಲೇರಿ ತಗ್ಗಿನ ಮೋಡಕ್ಕೆ ಸೇರುತ್ತದೆ. ದೊಡ್ಡ ಹನಿಗಳ ಬದಲು ಲೆಕ್ಕವಿಲ್ಲದಷ್ಟು ಸಣ್ಣ ಹನಿಗಳಾಗಿ ಮೋಡ ಹೆಚ್ಚು ಬೆಳ್ಳಗಾಗುತ್ತದೆ. ಬ್ರಿಟನ್ನಿನ ಜಾನ್ ಲೇಥಮ್ 1990ರಲ್ಲೇ ಹೇಳಿದ ಯೋಚನೆ ಇದು. ಆಸ್ಟ್ರೇಲಿಯಾದವರು ಹವಳದ ದಿಬ್ಬ ಉಳಿಸಲು 2020ರಿಂದ ಪರೀಕ್ಷಿಸುತ್ತಿದ್ದಾರೆ.

ಗುಣ: ವಿಷವಲ್ಲ, ಬರೀ ಉಪ್ಪು. ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಎಲ್ಲ ಮೊದಲಿನಂತೆ. ದೋಷ: ಆರ್ಕ್ಟಿಕ್‌ನಲ್ಲಿ ಚಳಿಗಾಲ ಪೂರ್ತಿ ಕತ್ತಲು. ಬಿಸಿಲೇ ಇಲ್ಲದಾಗ ತಡೆಯುವುದೇನನ್ನು? ಬೇಸಿಗೆಯ ಕೆಲವು ತಿಂಗಳು ಮಾತ್ರ ಕೆಲಸ. ಅದರಲ್ಲೂ ಕೆಳಗೆ ಐಸ್ ಮೊದಲೇ ಬೆಳ್ಳಗಿದ್ದರೆ ಮೇಲಿನ ಮೋಡ ಬೆಳ್ಳಗೆ ಮಾಡಿ ಲಾಭವಿಲ್ಲ, ತೆರೆದ ಸಮುದ್ರದ ಮೇಲಿನ ಮೋಡ ಹುಡುಕಬೇಕು. ಇನ್ನು ಜನ. 2024ರಲ್ಲಿ ಕ್ಯಾಲಿಫೋರ್ನಿಯಾದ ಅಲಮೀಡಾ ಊರಲ್ಲಿ ಹಳೆಯ ಯುದ್ಧನೌಕೆಯ ಮೇಲಿಂದ ಒಂದು ಸಣ್ಣ ಸಿಂಪಡಣೆ ಪರೀಕ್ಷೆ ಮಾಡಿದ್ದಕ್ಕೇ ಅಲ್ಲಿನ ನಗರಸಭೆ ನಿಲ್ಲಿಸಿಬಿಟ್ಟಿತು.

ಬೇಗ ಪಕ್ಕಕ್ಕಿಡಬಹುದಾದವು

ಐಸ್ ಮೇಲೆ ಟೊಳ್ಳು ಗಾಜಿನ ಸಣ್ಣ ಮಣಿ ಚೆಲ್ಲುವುದು: ಆರ್ಕ್ಟಿಕ್ ಐಸ್ ಪ್ರಾಜೆಕ್ಟ್ ಎಂಬ ಅಮೆರಿಕದ ಸಂಸ್ಥೆ ವರ್ಷಗಟ್ಟಲೆ ಇದರ ಹಿಂದೆ ಬಿದ್ದಿತ್ತು. ಮಣಿ ಅಲ್ಲಿನ ಸಣ್ಣ ಜೀವಿಗಳಿಗೆ ಅಪಾಯ ಆಗಬಹುದು ಎಂದು ಪರೀಕ್ಷೆಯಲ್ಲಿ ಕಂಡ ಮೇಲೆ 2025ರಲ್ಲಿ ತಾನಾಗಿಯೇ ಕೆಲಸ ಮುಚ್ಚಿತು. ಅದನ್ನು ಹಿಡಿದು ಹೋಗಬೇಡಿ.

ಹಿಮನದಿಯ ಬುಡಕ್ಕೆ ಬಿಸಿ ನೀರು ಬರದಂತೆ ಸಮುದ್ರದೊಳಗೆ ಪರದೆ ಕಟ್ಟುವುದು: ಇದು ಸಮುದ್ರಮಟ್ಟ ಏರುವುದನ್ನು ತಡೆಯುವ ಯೋಚನೆ, ಆರ್ಕ್ಟಿಕ್ ತಂಪು ಮಾಡುವುದಲ್ಲ. ವಿಷಯಾಂತರ ಎಂದು ತೀರ್ಪುಗಾರರು ಅಂಕ ಕಡಿಯುತ್ತಾರೆ.

ಎತ್ತರದ ತೆಳು ಮೋಡಗಳನ್ನು ಇನ್ನೂ ತೆಳುವಾಗಿಸಿ ಭೂಮಿಯ ಬಿಸಿಯನ್ನು ಹೊರಗೆ ಬಿಡುವುದು: ಕತ್ತಲ ಚಳಿಗಾಲದಲ್ಲೂ ಕೆಲಸ ಮಾಡಬಲ್ಲ ಯೋಚನೆ ಎಂಬುದೇ ಇದರ ಆಕರ್ಷಣೆ. ಆದರೆ ಬಿತ್ತನೆ ಸ್ವಲ್ಪ ಜಾಸ್ತಿಯಾದರೆ ಮೋಡ ದಟ್ಟವಾಗಿ ಬಿಸಿಯೇ ಹೆಚ್ಚಬಹುದು.

ಕುರಿ, ದನ ಸಾಕುವ ಮನೆಯ ಮಕ್ಕಳಿಗೆ ಖುಷಿ ಕೊಡುವುದು ಇನ್ನೊಂದು. ರಷ್ಯಾದ ಸೈಬೀರಿಯಾದಲ್ಲಿ ಸೆರ್ಗೈ ಝಿಮೋವ್ ಎಂಬ ವಿಜ್ಞಾನಿ 1996ರಿಂದ ಕುದುರೆ, ಕಾಡೆಮ್ಮೆ ಜಾತಿಯ ಪ್ರಾಣಿಗಳನ್ನು ಬಿಟ್ಟು ಮೇಯಿಸುತ್ತಿದ್ದಾರೆ. ಅವು ಮೇವಿಗಾಗಿ ಹಿಮ ತುಳಿದು ಕೆದಕುತ್ತವೆ, ಚಳಿ ನೆಲದೊಳಗೆ ಇಳಿಯುತ್ತದೆ, ಹೆಪ್ಪುಗಟ್ಟಿದ ಮಣ್ಣು ಹಾಗೇ ಉಳಿಯುತ್ತದೆ. ಅಮೃತ ಮಹಲ್ ಕಾವಲಿನ ಸೀಮೆಯವರಿಗೆ ಹೇಳಬೇಕೇ, ಅಷ್ಟು ದನಕ್ಕೆ ಎಷ್ಟು ನೆಲ ಬೇಕು ಅಂತ. ಚಂದದ ಪ್ರಯೋಗ, ತೀರಾ ಚಿಕ್ಕದು.

ಮಸಿ ಮತ್ತು ಮೀಥೇನ್

ಕಟ್ಟುನಿಟ್ಟಾಗಿ ನೋಡಿದರೆ ಇದು ಜಿಯೋ ಎಂಜಿನಿಯರಿಂಗ್ ಅಲ್ಲ. ಆದರೂ ಹೋಲಿಕೆಗೆ ಇದು ಪಕ್ಕದಲ್ಲಿ ಇರಲೇಬೇಕು. ಇಂಗಾಲದ ಡೈಆಕ್ಸೈಡ್ ಶತಮಾನಗಳವರೆಗೆ ಉಳಿಯುತ್ತದೆ. ಮೀಥೇನ್ ಸುಮಾರು 12 ವರ್ಷ ಅಷ್ಟೇ, ಆದರೆ 20 ವರ್ಷದ ಲೆಕ್ಕದಲ್ಲಿ ಸುಮಾರು 80 ಪಟ್ಟು ಜೋರು. ಅದನ್ನು ಇಂದು ಕಡಿಮೆ ಮಾಡಿದರೆ ನಮ್ಮ ಕಾಲದಲ್ಲೇ ಫಲ ಕಾಣುತ್ತದೆ. ಮಸಿಯದು ಇನ್ನೂ ನೇರ. ಬಿಳಿ ಹಿಮದ ಮೇಲೆ ಕೂತು ಅದನ್ನು ಕಪ್ಪಾಗಿಸುತ್ತದೆ. ಆರ್ಕ್ಟಿಕ್‌ಗೆ ಹತ್ತಿರದಲ್ಲಿ ಹೊರಟ ಮಸಿಯೇ ಜಾಸ್ತಿ ಕೆಡುಕು ಮಾಡುವುದು, ಹಾಗಾಗಿ ದಾವಣಗೆರೆ ಬೆಣ್ಣೆ ದೋಸೆಯ ಸೌದೆ ಒಲೆಯನ್ನು ಯಾರೂ ಈ ಚರ್ಚೆಗೆ ಎಳೆಯಬೇಡಿ. ಅಲ್ಲಿನ ಹಡಗುಗಳು ಸುಡುವ ಕೊಳಕು ಎಣ್ಣೆಗೆ 2024ರ ಜುಲೈಯಿಂದ ನಿಷೇಧ ಬಂದಿದೆ, ಆದರೆ ಕೆಲವು ಹಡಗುಗಳಿಗೆ 2029ರವರೆಗೆ ವಿನಾಯಿತಿ. ಮೀಥೇನ್ ವಿಷಯದಲ್ಲಿ ಮಾತ್ರ ನಮ್ಮದೂ ಪಾಲಿದೆ. ಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆಯಲ್ಲಿ ಸದಾ ನೀರು ನಿಲ್ಲಿಸುವ ಬದಲು ಒಮ್ಮೆ ಕೊಟ್ಟು, ಆರಗೊಟ್ಟು ಮತ್ತೆ ಕೊಟ್ಟರೆ ಮೀಥೇನ್ ಚೆನ್ನಾಗಿಯೇ ಇಳಿಯುತ್ತದೆ. ನೀರೂ ಉಳಿಯುತ್ತದೆ, ಕಾಲುವೆಯ ಕೊನೆಯ ರೈತರನ್ನು ಕೇಳಿ ನೋಡಿ.

ಇದಕ್ಕೆ ಯಾರ ಮಳೆಯನ್ನೂ ಪಣಕ್ಕಿಡಬೇಕಿಲ್ಲ. ನಿಧಾನ ಎಂಬುದು ಒಂದೇ ಆಕ್ಷೇಪ. ಈ ಶತಮಾನದ ನಡುವೆಯೇ ಯಾವುದೋ ಸೆಪ್ಟೆಂಬರ್‌ನಲ್ಲಿ ಆರ್ಕ್ಟಿಕ್ ಸಮುದ್ರ ಹೆಚ್ಚೂಕಡಿಮೆ ಐಸ್ ಇಲ್ಲದೆ ಇರಬಹುದು ಎನ್ನುವಾಗ ಅದು ಸಣ್ಣ ಆಕ್ಷೇಪವಲ್ಲ.

ಹಾಗಾದರೆ ಯಾವುದು?

ಪರವಾಗಿ ನಿಲ್ಲುವವರಿಗೆ ನನ್ನ ಸಲಹೆ: ಮಸಿ ಮತ್ತು ಮೀಥೇನ್ ಇಳಿಸುವುದು ಮೊದಲು, ಪಕ್ಕದಲ್ಲಿ ಐಸ್ ದಪ್ಪ ಮಾಡುವ ಸ್ಥಳೀಯ ಪ್ರಯೋಗ, ಮೋಡದ ಬಗ್ಗೆ ಸಂಶೋಧನೆ. ಇದಿಷ್ಟನ್ನು ಸಮರ್ಥಿಸಬಹುದು. ಆರ್ಕ್ಟಿಕ್ ಮೇಲೆ ಮಾತ್ರ ಗಂಧಕ ಹಾಕುವುದನ್ನು ಮುಂಗಾರು ನಂಬಿದ ಊರಿಂದ ಬಂದವರು ಸಮರ್ಥಿಸುವುದು ನನಗಂತೂ ಸರಿ ಕಾಣುವುದಿಲ್ಲ. ಒಂದು ಮಾತು ಗಮನಿಸಿ. ಉತ್ತರವನ್ನು ಮಾತ್ರ ನಿಜವಾಗಿ ತಂಪು ಮಾಡಬಲ್ಲ ಯಾವ ವಿಧಾನವಾದರೂ ಮಳೆಪಟ್ಟಿಯನ್ನು ತಳ್ಳುತ್ತದೆ. ಪಂಪು ನಿರುಪದ್ರವಿ ಅನಿಸುವುದು ಅದರ ಶಕ್ತಿ ಕಡಿಮೆ ಇರುವುದರಿಂದಲೇ.

ವಿರೋಧವಾಗಿ ನಿಲ್ಲುವವರಿಗೆ ಕೆಲಸ ಸುಲಭ. ಧ್ರುವ ವಿಜ್ಞಾನಿಗಳ ದೊಡ್ಡ ತಂಡವೊಂದು 2025ರ ಸೆಪ್ಟೆಂಬರ್‌ನಲ್ಲಿ ಧ್ರುವಗಳಿಗೆಂದು ಹೇಳಲಾದ ಐದು ವಿಧಾನಗಳನ್ನು ಪರಿಶೀಲಿಸಿ ಒಂದೂ ಪಾಸಾಗುವುದಿಲ್ಲ ಎಂದಿತು. ಗಂಧಕವೂ ಐಸ್ ಪಂಪೂ ಆ ಪಟ್ಟಿಯಲ್ಲಿದ್ದವು. ಆ ಮಾತನ್ನು ಒಪ್ಪದೆ, ಸಂಶೋಧನೆಯನ್ನೇ ನಿಲ್ಲಿಸುವುದು ತಪ್ಪು ಎನ್ನುವವರೂ ಇದ್ದಾರೆ. ಆದರೆ ನೀವು ಸುಮ್ನೆ "ಪ್ರಕೃತಿಯ ಜೊತೆ ಆಟ ಬೇಡ" ಅಂದರೆ ಸಾಲದು. ಏನೂ ಮಾಡದೆ ಇದ್ದರೆ ಏನಾಗುತ್ತದೆ ಎಂದು ಎದುರಾಳಿ ಕೇಳಿಯೇ ಕೇಳುತ್ತಾರೆ. 2022ರಲ್ಲಿ ವಾಣಿವಿಲಾಸ ಸಾಗರ 89 ವರ್ಷದ ಮೇಲೆ ಕೋಡಿ ಬಿತ್ತು. ಮರುವರ್ಷವೇ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ಈ ಎರಡು ವರ್ಷಕ್ಕೆ ಆರ್ಕ್ಟಿಕ್ ಕಾರಣ ಎಂದು ಹೇಳುವಂತಿಲ್ಲ. ಆದರೆ ಭೂಮಿ ಬಿಸಿಯಾದಷ್ಟೂ ಮಳೆಯ ಏರಿಳಿತ ಜೋರಾಗುತ್ತದೆ ಎಂಬುದಂತೂ ನಿಜ. ಸುಮ್ಮನಿರುವುದಕ್ಕೂ ಬೆಲೆ ಇದೆ ಎಂದು ಒಪ್ಪಿಕೊಂಡೇ ವಾದ ಶುರು ಮಾಡಿ.

ಕೊನೆಗೆ ಯಾರು ತೀರ್ಮಾನಿಸಬೇಕು ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಸ್ವೀಡನ್ನಿನ ಕಿರುನಾ ಉದಾಹರಣೆ ಇಟ್ಟುಕೊಳ್ಳಿ. 2021ರಲ್ಲಿ ಹಾರ್ವರ್ಡ್‌ನವರು ಬಿಸಿಲು ತಡೆಯುವ ಕಣಗಳ ಪ್ರಯೋಗಕ್ಕೆ ತಯಾರಿಯಾಗಿ ಅಲ್ಲಿ ಒಂದು ಬಲೂನು ಹಾರಿಸಿ ಉಪಕರಣ ಪರೀಕ್ಷಿಸಬೇಕೆಂದಿದ್ದರು. ಒಂದು ಚಿಟಿಕೆ ಪುಡಿಯನ್ನೂ ಬಿಡುವುದಿರಲಿಲ್ಲ. ಹಿಮಸಾರಂಗ ಮೇಯಿಸುವ ಸಾಮಿ ಜನರ ಪರಿಷತ್ತು, ನಮ್ಮನ್ನು ಕೇಳಿದ್ದು ಯಾರು ಎಂದು ಪತ್ರ ಬರೆಯಿತು. ಬಲೂನು ಏರಲಿಲ್ಲ, 2024ರಲ್ಲಿ ಯೋಜನೆಯೇ ಮುಚ್ಚಿತು. ಭಾರತಕ್ಕೆ, ಆರ್ಕ್ಟಿಕ್ ಸೀಮೆಯಲ್ಲಿ ನಾರ್ವೆಗೆ ಸೇರಿದ ದ್ವೀಪಸಮೂಹ ಸ್ವಾಲ್‌ಬಾರ್ಡ್‌ನಲ್ಲಿ 2008ರಿಂದ ಹಿಮಾದ್ರಿ ಎಂಬ ಸಂಶೋಧನಾ ಕೇಂದ್ರ ಇದೆ, 2013ರಿಂದ ಆ ಸೀಮೆಯ ದೇಶಗಳ ಕೂಟವಾದ ಆರ್ಕ್ಟಿಕ್ ಕೌನ್ಸಿಲ್‌ನಲ್ಲಿ ವೀಕ್ಷಕನ ಕುರ್ಚಿ ಇದೆ. ವೀಕ್ಷಕರಿಗೆ ಮತ ಇಲ್ಲ. ಮುಂಗಾರಿನ ದೇಶಗಳಿಗೆ ಅಲ್ಲಿ ಮತ ಬೇಕು ಎಂದು ಕೇಳುವ ವಾದ ಪರ, ವಿರೋಧ ಎರಡೂ ಕಡೆಯವರಿಗೆ ಒದಗುತ್ತದೆ. ಮೊದಲು ಯಾರು ಮೈಕ್ ಹಿಡಿಯುತ್ತಾರೋ ಅವರು ಅದನ್ನು ಹೇಳಿಬಿಡಿ.